ಕಾಲು ತೊಳೆದು ಒಳಗೆ ಬನ್ನಿ

ಜೂನ್ 29, ಭಾನುವಾರ

ಈ ಪುಸ್ತಕ ಮಾಬ್ಲೇಶ್ವರಣ್ಣನ ಕೋಳಿ ಶೆಡ್ಡಿನದು. ದಿನಕ್ಕೆ ಎಷ್ಟು ಕೋಳಿ ಸತ್ತವು, ಎಷ್ಟು ನೀರು ಕುಡಿದವು ಎಂದು ಬರೆಯಲು ಎರಡು ಪುಸ್ತಕ ಕೊಟ್ಟಿದ್ದ. ಒಂದೇ ಸಾಕಾಗುತ್ತದೆ, ಇನ್ನೊಂದನ್ನು ನಾನು ಇಟ್ಟುಕೊಳ್ಳಲೇ ಎಂದು ಕೇಳಿದೆ.

"ಕೇಳದೇ ತಕಂಡ್ ಹೋಗಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಮಾರಾಯ್ತಿ" ಎಂದ.

ಅದಕ್ಕೇ ಕೇಳಿದ್ದು ಎಂದೆ. ವಿಚಿತ್ರವಾಗಿ ನೋಡಿದ. ಜನ ನನ್ನನ್ನು ಹಾಗೆ ನೋಡುವುದು ನನಗೆ ರೂಢಿಯಾಗಿದೆ.

ಇದರಲ್ಲಿ ಸುಳ್ಳು ಬರೆಯುವುದಿಲ್ಲ. ಬರೆಯುವುದಾದರೂ ಯಾರಿಗೆ? ಓದುವವಳು ನಾನೊಬ್ಬಳೇ.

ಪಿಯುಸಿ ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಸರ್ ನನ್ನ ಜರ್ನಲ್ ತಿರುವಿ, "ಇದೆಲ್ಲ ನೀನೇ ಮಾಡಿದ್ದಾ?" ಎಂದು ಕೇಳಿದ್ದರು. ಇಲ್ಲ ಸರ್, ಯಾರೂ ಮಾಡಿಲ್ಲ, ಲ್ಯಾಬಿನ ಬೀಗ ತೆಗೆದದ್ದೇ ಇವತ್ತು ಎಂದೆ. ಮಾರನೇ ದಿನದಿಂದ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ವಾರ ಕಳೆದ ಮೇಲೆ ನಾನೂ ಕೂರಲಿಲ್ಲ. ಆಮೇಲೆ ಹೊನ್ನಾವರದ ಬಟ್ಟೆ ಅಂಗಡಿಯಲ್ಲಿ ಐದು ವಾರ. ಬಣ್ಣ ಹೋಗ್ತದಾ ಎಂದು ಕೇಳಿದವರಿಗೆ ಹೋಗ್ತದೆ ಎಂದೆ. ಬೇಕರಿಯಲ್ಲಿ ಹನ್ನೊಂದು ದಿನ. ಇವತ್ತಿನದಾ ಎಂದವರಿಗೆ ಮೊನ್ನೆಯದು ಎಂದೆ.

ಕೋಳಿಗಳು ಏನೂ ಕೇಳುವುದಿಲ್ಲ. ಮೂರು ಸಾವಿರ ಇವೆ, ಒಂದೂ ಕೇಳಿಲ್ಲ.

ಇಲ್ಲಿ ಎರಡು ತಿಂಗಳು ಮಾತ್ರ. ಭಟ್ಕಳದಲ್ಲಿ ಅಕ್ಕನ ಗಂಡ ರಾಘು ಭಾವ ಕೆಲಸ ಮಾಡುವ ಮೊಬೈಲ್ ಅಂಗಡಿಯಲ್ಲಿ ಜಾಗ ಖಾಲಿಯಾದ ದಿನ ಈ ಮಂಕಿ ಊರಿಗೂ ನನಗೂ ಸಂಬಂಧ ಇಲ್ಲ.

ಜುಲೈ 2, ಬುಧವಾರ

ಅಕ್ಕ ಮಗುವನ್ನು ಕರೆದುಕೊಂಡು ಹೊನ್ನಾವರದ ಆಸ್ಪತ್ರೆಯಿಂದ ಮನೆಗೆ ಬಂದಳು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣು ಮಗು. ಎರಡು ಕಿಲೋಗೆ ನೂರು ಗ್ರಾಂ ಕಡಿಮೆ. ನಮ್ಮ ಶೆಡ್ಡಿನ ಕೋಳಿ ನಲವತ್ತು ದಿನಕ್ಕೆ ಇದಕ್ಕಿಂತ ಜಾಸ್ತಿ ತೂಗುತ್ತದೆ ಎಂದೆ. ಅಮ್ಮ ಹೊಡೆಯಲು ಬಂದಳು. ಅಕ್ಕ ನಕ್ಕಳು, ಹೊಲಿಗೆ ನೋವಾಗಿ ಅತ್ತಳು.

ಆಸ್ಪತ್ರೆಯ ನರ್ಸು ಬೀಳ್ಕೊಡುವಾಗ ಹೇಳಿದ್ದು ಇಷ್ಟು: "ಕೆಮ್ಮು ನೆಗಡಿ ಇದ್ದವರನ್ನು ಹತ್ತಿರ ಬಿಡಬೇಡಿ. ಇಂಥ ಮಗುವಿಗೆ ದೊಡ್ಡವರ ನೆಗಡಿಯೇ ದೊಡ್ಡ ಕಾಯಿಲೆ." ಅಮ್ಮ ತಲೆ ಆಡಿಸಿದಳು. ಅಜ್ಜಿ ಇನ್ನೂ ಜೋರಾಗಿ ಆಡಿಸಿದಳು.

ಬಾಣಂತಿ ಕೋಣೆಯನ್ನು ಅಜ್ಜಿ ವಾರದಿಂದ ತಯಾರು ಮಾಡಿದ್ದಾಳೆ. ಇರುವ ಒಂದು ಕಿಟಕಿಯ ಬಾಗಿಲು ಹಾಕಿ, ಸಂದಿಗೆಲ್ಲ ತನ್ನ ಹಳೆಯ ಹಸಿರು ಸೀರೆ ತುರುಕಿದ್ದಾಳೆ. ಬಾಗಿಲಿಗೆ ಕಂಬಳಿ. ಮೂಲೆಯಲ್ಲಿ ಕೆಂಡದ ಮಡಕೆ. ಅದರ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ಗಾಳಿಯ ಒಂದು ಎಳೆ ಒಳಗೆ ಬರುವ ಹಾಗಿಲ್ಲ. ಮೆಟ್ಟಿಲ ಹತ್ತಿರ ಬಕೆಟ್ಟು, ಚೊಂಬು. ಯಾರೇ ಬರಲಿ, ಕಾಲು ತೊಳೆದು ಒಳಗೆ.

ಶೆಡ್ಡಿನ ಬಾಗಿಲಲ್ಲೂ ಹೀಗೇ ಇದೆ. ಔಷಧದ ನೀರು ತುಂಬಿದ ಸಣ್ಣ ತೊಟ್ಟಿ, ಅದರಲ್ಲಿ ಕಾಲು ಅದ್ದಿ ಒಳಗೆ. ನಾನು ದಿನಕ್ಕೆ ಎಂಟು ಸಲ ಕಾಲು ತೊಳೆಯುತ್ತೇನೆ. ಮಂಕಿಯಲ್ಲಿ ನನ್ನಷ್ಟು ಶುದ್ಧ ಪಾದ ಇನ್ನೊಬ್ಬರದಿಲ್ಲ.

ಜುಲೈ 5, ಶನಿವಾರ

ಬೆಳಿಗ್ಗೆ ಬಾಗಿಲು ತೆಗೆದಾಗ ಶೆಡ್ಡಿನ ಸದ್ದು ಬೇರೆಯಾಗಿತ್ತು. ಮೊದಲು ಏನೆಂದು ಗೊತ್ತಾಗಲಿಲ್ಲ. ನಿಂತು ಕೇಳಿದೆ. ಸೀನು. ಪಡುಗಡೆ ಮೂಲೆಯಲ್ಲಿ ಒಂದು, ನಡುವೆ ಎರಡು. ಸಂಜೆಯ ಹೊತ್ತಿಗೆ ಇಡೀ ಶೆಡ್ಡು ಸೀನುತ್ತಿತ್ತು. ಕೆಲವಕ್ಕೆ ಉಸಿರಿನಲ್ಲಿ ಗೊರಗೊರ.

ಮಾಬ್ಲೇಶ್ವರಣ್ಣ ಬಂದವನೇ ನೋಡಿದ್ದು ಕೋಳಿಗಳನ್ನಲ್ಲ, ನಾಗಪತಿಯಣ್ಣನ ಕಾಲನ್ನು. ನಾಗಪತಿಯಣ್ಣ ನನ್ನ ಜೊತೆ ಕೆಲಸ ಮಾಡುವವ, ಐವತ್ತು ದಾಟಿದೆ, ಬೆಳಿಗ್ಗೆ ಗದ್ದೆಗೆ ಹೋಗಿಯೇ ಇಲ್ಲಿಗೆ ಬರುವುದು.

"ನಿನ್ನ ಕಾಲು ನೋಡ. ಅರ್ಧ ಗದ್ದೆ ಅಲ್ಲೇ ಅಂಟ್ಕಂಡಿದೆ. ರೋಗ ತಂದವ ನೀನೇ."

"ಗದ್ದೆ ಇಪ್ಪವ್ರ ಕಾಲು ಹೀಂಗೇ ಇರ್ತದೆ. ನಿಂಗೆ ಗದ್ದೆ ಇಲ್ಲ, ಅದ್ಕೇ ಕಾಲು ಚೆಂದ."

ತೊಟ್ಟಿಗೆ ಇನ್ನೊಂದು ಬಾಟಲಿ ಔಷಧ ಬಿತ್ತು. ಬಾಗಿಲಿಗೆ ನಿಂಬೆಹಣ್ಣು. ಮಳೆಯ ಥಂಡಿ ಬೇರೆ ಬೇಡ ಎಂದು ಎರಡೂ ಬದಿಯ ಟಾರ್ಪಾಲಿನ್ ಪರದೆಯನ್ನು ಮಾಡಿನವರೆಗೆ ಎಳೆದು ಕಟ್ಟಿಸಿದ. ಹತ್ತು ನಿಮಿಷದಲ್ಲಿ ಒಳಗೆ ಕಣ್ಣು ಉರಿಯುವಷ್ಟು ವಾಸನೆ.

"ಈ ಸುದ್ದಿ ಯಾರಿಗೂ ಹೇಳೂಕಿಲ್ಲ" ಎಂದ ನನಗೆ.

"ಯಾರಾದ್ರೂ ಕೇಳಿದ್ರೆ?"

"ಕೇಳಿದ್ರೂ."

"ಕೇಳಿದ್ರೆ ಹೇಳ್ತೆ."

ನಾಗಪತಿಯಣ್ಣ ಹಣೆ ಬಡಿದುಕೊಂಡ. "ಹೆಸ್ರು ಕಲ್ಪನಾ. ಒಂದು ಸುಳ್ಳು ಕಲ್ಪಿಸೂಕೆ ಬರೂದಿಲ್ಲ."

ಜುಲೈ 7, ಸೋಮವಾರ

ಇಪ್ಪತ್ತೆರಡು ಸತ್ತವು. ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದೆವು. ಮಳೆ.

ಜುಲೈ 8, ಮಂಗಳವಾರ

ಅಜ್ಜಿಯ ಏಳು ನಾಟಿ ಕೋಳಿಗಳಿಗೂ ಶೆಡ್ಡಿನ ಕೋಳಿಗಳಿಗೂ ಯಾವ ಬಳಕೆಯೂ ಇಲ್ಲ. ಅಜ್ಜಿ ಶೆಡ್ಡಿನ ಕಡೆ ತಲೆ ಹಾಕುವವಳಲ್ಲ. "ಅದು ಕೋಳಿಯಾ? ಹತ್ತಿ ಮೂಟೆ" ಎನ್ನುತ್ತಾಳೆ. ನಾನು ಶೆಡ್ಡಿನ ಬಚ್ಚಲಲ್ಲೇ ಮಿಂದು ಬಟ್ಟೆ ಬದಲಿಸಿ ಮನೆಗೆ ಬರುತ್ತೇನೆ. ಆದರೂ ತನ್ನ ಕೋಳಿಗಳ ಹತ್ತಿರ ಬಿಡುವುದಿಲ್ಲ.

ಇವತ್ತು ಕರಿ ಕೋಳಿ ಇಟ್ಟ ಮೊಟ್ಟೆ ತಂದು ತೋರಿಸಿದಳು. ಚಿಪ್ಪು ಸುಕ್ಕುಸುಕ್ಕಾಗಿ, ಒಂದು ಬದಿ ಮುದುಡಿಕೊಂಡಿತ್ತು. ಅಜ್ಜಿಯ ಅಂಗೈಯಲ್ಲಿ ಅದನ್ನು ನೋಡಿದರೆ ಅಂಗೈ ಯಾವುದು ಮೊಟ್ಟೆ ಯಾವುದು ಎನ್ನುವ ಹಾಗೆ. ಒಡೆದರೆ ಬಿಳಿ ಭಾಗ ನೀರಿನ ಹಾಗೆ ಹರಿಯಿತು. ಅವಳ ಕೋಳಿಗಳೂ ಸೀನುತ್ತಿವೆ.

"ಯಾರದ್ದೋ ಕಣ್ಣು" ಎಂದಳು ಅಜ್ಜಿ.

ಶೆಡ್ಡಿನ ಗೋಡೆಯಲ್ಲಿ ಪಶು ಡಾಕ್ಟರ ನಂಬರು ಬರೆದಿದೆ. ಯಾರೂ ಫೋನ್ ಮಾಡುವುದಿಲ್ಲ. ನಾನು ಮಾಡಿದೆ.

ಜುಲೈ 10, ಗುರುವಾರ

ಇವತ್ತು ನಲವತ್ತೊಂದು. ಪಶು ಡಾಕ್ಟರು, ನೇತ್ರಾ ಅಂತ ಹೆಸರು, ಹೊನ್ನಾವರದಿಂದ ಸ್ಕೂಟರಿನಲ್ಲಿ, ಮಳೆಯಲ್ಲಿ ತೊಪ್ಪೆಯಾಗಿ ಬಂದರು.

"ಯಾವಾಗಿಂದ?"

"ನಿನ್ನೆಯಿಂದ" ಎಂದ ಮಾಬ್ಲೇಶ್ವರಣ್ಣ.

"ಐದು ದಿನದಿಂದ" ಎಂದೆ ನಾನು.

ಒಳಗೆ ಹೋಗಿ ಎರಡು ನಿಮಿಷ ಏನೂ ಮಾಡದೆ ಕಣ್ಣು ಮುಚ್ಚಿ ನಿಂತರು. "ಕೋಳಿ ನೋಡುವ ಮೊದಲು ಕೇಳಬೇಕು. ಉಸಿರಿನ ಸದ್ದು ಸುಳ್ಳು ಹೇಳುವುದಿಲ್ಲ" ಎಂದರು. ಈ ಹೆಂಗಸು ನನಗೆ ಹಿಡಿಸಿದರು.

ಸತ್ತ ಕೋಳಿಯನ್ನು ಕೊಯ್ದು ನೋಡಿದರು. ಬದುಕಿದ್ದವುಗಳ ಗಂಟಲಿನಿಂದ ದ್ರವ ತೆಗೆದು ಪರೀಕ್ಷೆಗೆ ಇಟ್ಟುಕೊಂಡರು. ಲಕ್ಷಣ ನೋಡಿದರೆ ಕೋಳಿಗಳ ಬ್ರಾಂಕೈಟಿಸ್, ಕೊರೊನಾ ಜಾತಿಯದೇ ಒಂದು ವೈರಸ್ಸು, ಮನುಷ್ಯರಿಗೆ ಬರುವುದಿಲ್ಲ, ಮನುಷ್ಯರ ಕೊರೊನಾಕ್ಕೆ ತೊಂಬತ್ತು ವರ್ಷ ಮೊದಲೇ ಇದು ಕೋಳಿಗಳಲ್ಲಿತ್ತು ಎಂದರು. ಮರಿಗಳಿಗೆ ಲಸಿಕೆ ಹಾಕಿದೆಯಲ್ಲ ಎಂದ ಮಾಬ್ಲೇಶ್ವರಣ್ಣ. ಈ ವೈರಸ್ಸು ಆಗಾಗ ಅಂಗಿ ಬದಲಿಸುತ್ತದೆ, ಹಳೆಯ ಅಂಗಿಯ ಗುರುತು ಹಿಡಿದು ಕಾಯುವವನಿಗೆ ಹೊಸ ಅಂಗಿಯವ ಸಿಕ್ಕುವುದಿಲ್ಲ ಎಂದರು.

ಅಜ್ಜಿಯ ಕರಿ ಕೋಳಿ ಇಟ್ಟ ಅಂಥದೇ ಇನ್ನೊಂದು ಮೊಟ್ಟೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮ ಮನೆ ಎಲ್ಲಿ?"

ಮೂಡುಗಡೆ. ತೆಂಗಿನ ಎರಡು ಸಾಲು, ಚಿರೆಕಲ್ಲಿನ ಪಾಗಾರದ ಗೋಡೆ, ಆಚೆ ನಮ್ಮ ಅಂಗಳ.

"ನಾಗಪತಿಯವರೆ, ನಿಮ್ಮಲ್ಲೂ ಕೋಳಿ ಇದೆಯಾ?"

"ಇವೆ ಡಾಕ್ಟ್ರೆ. ಪಡುಗಡೆ ಮನೆ. ಗಟ್ಟಿಮುಟ್ಟು. ನನ್ ಕಾಲು ಮಾತ್ರ ಹೊಲಸಂತೆ."

ಡಾಕ್ಟರು ಕಡಲಿನ ಕಡೆ ಮುಖ ಮಾಡಿ ನಿಂತರು. ಗಾಳಿ ಅವರ ರೇನ್‌ಕೋಟನ್ನು ಪಟಪಟ ಬಡಿಯುತ್ತಿತ್ತು. ಈ ಎರಡು ತಿಂಗಳು ಇಲ್ಲಿ ಗಾಳಿ ಬರುವುದು ಒಂದೇ ಕಡೆಯಿಂದ. ಪಡುವಣದಿಂದ ಮೂಡಣಕ್ಕೆ. ನಾಗಪತಿಯಣ್ಣನ ಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ನಮ್ಮ ಅಂಗಳಕ್ಕೆ.

"ಒಂದು ಮೊಟ್ಟೆ ಹಿಡಿದು ಆಣೆ ಮಾಡಿ ಹೇಳಲಿಕ್ಕಾಗುವುದಿಲ್ಲ" ಎಂದರು. "ಬಟ್ಟೆಯಲ್ಲಿ, ಕಾಲಿನಲ್ಲೂ ಹೋಗ್ತದೆ, ತೊಟ್ಟಿ ತೆಗೀಬೇಡಿ. ಆದರೆ ಇದಕ್ಕೆ ಮುಖ್ಯ ದಾರಿ ಕಾಲಲ್ಲ. ಉಸಿರು."

ಬಾಗಿಲಿನ ದೇವರ ಪಟದ ಎದುರು ಉರಿಯುತ್ತಿದ್ದ ಊದುಬತ್ತಿಯನ್ನು ಕಿತ್ತುಕೊಂಡು ಶೆಡ್ಡಿನ ನಡುವೆ ಹೋಗಿ ಹಿಡಿದರು. ಹೊಗೆ ಎದ್ದು, ಅಲ್ಲೇ ತೂಗಿ, ಮೆಲ್ಲಗೆ ಹರಡಿತು. ಹೊರಗೆ ಹೋಗಲಿಲ್ಲ. "ಈ ಹೊಗೆಯೇ ಕೋಳಿಯ ಸೀನು ಅಂದ್ಕೊಳ್ಳಿ. ಒಂದು ಸೀನಿದರೆ ಮೂರು ಸಾವಿರ ಅದನ್ನೇ ಕುಡೀತವೆ." ಆಮೇಲೆ ನನ್ನಿಂದ ಪರದೆಯ ಮೇಲಿನ ಹಗ್ಗ ಬಿಚ್ಚಿಸಿದರು. ಎರಡೂ ಬದಿ ಮಾಡಿನ ಕೆಳಗೆ ಎರಡು ಮೊಳ ತೆರೆಯಿತು. ಕೆಳಗೆ ಪರದೆ ಹಾಗೇ ಇತ್ತು, ಕೋಳಿಗಳ ಮೈಗೆ ಮಳೆಯ ಇರಚಲು ತಾಗಲಿಲ್ಲ. ಹೊಗೆ ಒಂದು ಸಲ ಅಲ್ಲಾಡಿ, ದಾರಿ ಹುಡುಕಿ, ಹೋಯಿತು.

"ಹಾಂಗಾದ್ರೆ ಇವ್ರ ಮನೆ ಕಡೆ ಹೋಗ್ತದಲ್ಲ!" ಎಂದ ನಾಗಪತಿಯಣ್ಣ ನನ್ನನ್ನು ತೋರಿಸಿ.

"ಹೋಗುವುದು ಹೇಗೂ ಹೋಗಿದೆ" ಎಂದರು ಡಾಕ್ಟರು. "ಅದಕ್ಕೇ ಶೆಡ್ಡನ್ನು ಇಷ್ಟು ಹತ್ತಿರ ಕಟ್ಟಬಾರದು. ಆದರೆ ಬಯಲಿಗೆ ಹೋದಷ್ಟೂ ತೆಳುವಾಗ್ತದೆ. ಒಳಗೆ ದಪ್ಪ ಆಗ್ತದೆ."

ಔಷಧ? ಇಲ್ಲ. ನೆಲಕ್ಕೆ ಹರಡಿದ ಹೊಟ್ಟು ಒಣಗಿರಬೇಕು, ನೀರು ಚೊಕ್ಕ ಇರಬೇಕು, ಗಾಳಿ ಆಡಬೇಕು. ಮಾಬ್ಲೇಶ್ವರಣ್ಣನಿಗೆ ಬಹಳ ನಿರಾಶೆಯಾಯಿತು. ದುಬಾರಿ ಇಂಜೆಕ್ಷನ್ ಏನಾದರೂ ಬರೆದಿದ್ದರೆ ನಂಬುತ್ತಿದ್ದ.

ಜುಲೈ 11, ಶುಕ್ರವಾರ

"ಎಂತ ರೋಗವಂತೆ?" ಎಂದು ಅಜ್ಜಿ ಕೇಳಿದಳು.

ಡಾಕ್ಟರು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಮೊದಲ ವಾಕ್ಯದಲ್ಲಿ ಕೊರೊನಾ ಎಂಬ ಶಬ್ದ ಇತ್ತು. ಮನುಷ್ಯರಿಗೆ ಬರುವುದಿಲ್ಲ ಎನ್ನುವುದು ಎರಡನೆಯದರಲ್ಲಿತ್ತು. ಎರಡನೆಯದನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನದೊಳಗೆ ನನ್ನ ಚಾಪೆ, ಬಟ್ಟೆ, ಈ ಪುಸ್ತಕ ಎಲ್ಲ ಕಟ್ಟಿಗೆ ಕೊಟ್ಟಿಗೆಗೆ ಬಂದವು. ಮಗುವಿನ ಕೋಣೆಯ ಮೆಟ್ಟಿಲು ಹತ್ತುವ ಹಾಗಿಲ್ಲ. "ನಿಂಗೆ ಬೇಜಾರಾಗೂದು ಬೇಡ" ಎಂದಳು ಅಮ್ಮ, ಊಟದ ತಟ್ಟೆಯನ್ನು ಆರಡಿ ದೂರದಿಂದ ಜಾರಿಸುತ್ತ.

ನಿಜ ಹೇಳಬೇಕೆಂದರೆ ಬೇಜಾರಾಯಿತು. ಆದರೆ ಇದನ್ನೂ ಬರೆಯಬೇಕು: ಕೊಟ್ಟಿಗೆ ಎಂದರೆ ನಾಲ್ಕು ಕಂಬ, ಮೇಲೆ ಹಂಚು, ಗೋಡೆ ಇಲ್ಲ. ಊದುಬತ್ತಿ ಹಚ್ಚಿ ನೋಡಿದೆ. ಹೊಗೆ ಹುಟ್ಟಿದ ಕ್ಷಣವೇ ಮಾಯ. ಈ ಮನೆಯ ಅತ್ಯಂತ ಆರೋಗ್ಯಕರ ಕೋಣೆಯನ್ನು ಶಿಕ್ಷೆಯೆಂದು ನನಗೆ ಕೊಟ್ಟಿದ್ದಾರೆ.

ಕೊಟ್ಟಿಗೆ ಇರುವುದು ಬಾಣಂತಿ ಕೋಣೆಯ ಕಿಟಕಿಯ ಎದುರಿಗೇ. ಹಸಿರು ಸೀರೆಯ ಒಂದು ಚುಂಗು ಹೊರಗೆ ಇಣುಕುತ್ತದೆ. ಅಕ್ಕ ಒಳಗಿಂದ ಕೂಗಿದಳು: "ಕಲ್ಪೂ, ಇದೀಯನೇ?" ಇದ್ದೇನೆ ಎಂದೆ. ಮಗು ಸೀನಿತು. ಒಂದೇ ಸಲ. ಹಾಲು ಕುಡಿದ ಮೇಲೆ ಹಾಗೆ ಸೀನುತ್ತದಂತೆ.

ಜುಲೈ 13, ಭಾನುವಾರ

ಅಕ್ಕನ ಮಾವ ರಮಾನಂದ ಮಾಸ್ತರು ಮೊಮ್ಮಗಳನ್ನು ನೋಡಲು ಕುಮಟೆಯಿಂದ ಬಂದರು. ನಿವೃತ್ತ ಮೇಷ್ಟ್ರು, ಈಗ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲಿ ಯುದ್ಧ. ಮಾಸ್ತರು ಧರ್ಮರಾಯನಾದರೆ ದುರ್ಯೋಧನನೇ ಕೈ ಮುಗಿಯುವಂತೆ, ದುರ್ಯೋಧನನಾದರೆ ಧರ್ಮರಾಯನಿಗೇ ನಾಚಿಕೆಯಾಗುವಂತೆ ಮಾತಾಡುತ್ತಾರಂತೆ. ನಿನ್ನೆ ಕರ್ಕಿಯಲ್ಲಿ ಕೂಟ ಇತ್ತು. ಮಳೆಗೆಂದು ಸಭಾಭವನದ ಬಾಗಿಲು ಕಿಟಕಿ ಎಲ್ಲ ಹಾಕಿ, ಐದು ಗಂಟೆ.

ಮೆಟ್ಟಿಲಲ್ಲಿ ನಿಂತು ಕಾಲು ತೊಳೆದರು. ಹಿಮ್ಮಡಿ, ಬೆರಳಿನ ಸಂದು, ಎಲ್ಲ. ಅಂಥ ಕಾಲು ತೊಳೆತ ನಾನು ನೋಡಿಲ್ಲ. ತೊಳೆಯುವಾಗ ನಾಲ್ಕು ಸಲ ಕೆಮ್ಮಿದರು.

"ಮಾವಾ, ನಿಮಗೆ ಕೆಮ್ಮು" ಎಂದೆ ಕೊಟ್ಟಿಗೆಯಿಂದ.

"ಕೆಮ್ಮಲ್ಲ ತಂಗೀ, ಕಂಠ. ಐದು ತಾಸು ಕರ್ಣನಾಗಿದ್ದೆ. ಕಲಾವಿದನ ಗಂಟಲು ಹೀಗೇ."

"ಮಗು ಸಣ್ಣದು. ಆಸ್ಪತ್ರೇಲಿ ಹೇಳಿದಾರೆ. ಕಿಟಕಿ ಆದ್ರೂ ತೆಗೆಸಿ..."

"ಕಲ್ಪನಾ!" ಅಮ್ಮನ ಧ್ವನಿ. ಬೀಗರ ಎದುರು ಹೆಣ್ಣಿನ ಕಡೆಯವರು ಬಾಯಿ ತೆಗೆಯುವುದೇ ಹೆಚ್ಚು. ಅದರಲ್ಲೂ ಕೊಟ್ಟಿಗೆಯಲ್ಲಿ ಇಡಲ್ಪಟ್ಟವಳು.

ಅಜ್ಜಿ ಕಂಬಳಿ ಎತ್ತಿ ಒಳಗೆ ಕರೆದಳು. ಹಿಂದೆಯೇ ಕಂಬಳಿ ಇಳಿಯಿತು. ಒಂದು ತಾಸು. ಗೋಡೆಯಾಚೆಯಿಂದ ಪೂರ್ತಿ ಕೇಳಿತು. ಮಗುವಿಗೆ ಕರ್ಣನ ಜನ್ಮವೃತ್ತಾಂತ ಹೇಳಿದರು. ಗಂಗೆಯಲ್ಲಿ ಪೆಟ್ಟಿಗೆ ತೇಲುವಾಗ ಕೆಮ್ಮು, ರಾಧೆ ಎತ್ತಿಕೊಳ್ಳುವಾಗ ಕೆಮ್ಮು. ಅಮ್ಮ, ಅಜ್ಜಿ ಹೂಂಗುಟ್ಟುತ್ತಿದ್ದರು. ಅಕ್ಕನ ದನಿ ಕೇಳಲಿಲ್ಲ.

ಹೋಗುವಾಗ ನನ್ನ ಕಡೆ ತಿರುಗಿ, "ಕೋಳಿ ರೋಗ ಜಾಗ್ರತೆ ತಂಗೀ. ಮಗುವಿನ ಹತ್ರ ಹೋಗಬೇಡ" ಎಂದರು. ಮುಖದಲ್ಲಿ ನಿಜವಾದ ಕಾಳಜಿ ಇತ್ತು. ಅದೇ ಕಷ್ಟ.

ಜುಲೈ 14, ಸೋಮವಾರ

ಶೆಡ್ಡಿನಲ್ಲಿ ಹತ್ತೊಂಬತ್ತು. ಮೇಲೆ ಎರಡು ಮೊಳ ತೆರೆದೇ ಇದೆ. ಮಾಬ್ಲೇಶ್ವರಣ್ಣ ಮುಚ್ಚಲು ಬಂದಿದ್ದ. ಹಗ್ಗ ನನ್ನ ಕೈಯಲ್ಲಿತ್ತು, ಕೊಡಲಿಲ್ಲ.

ಜುಲೈ 17, ಗುರುವಾರ

ಶೆಡ್ಡಿನಲ್ಲಿ ಆರೇ ಆರು. ಮನೆಯಲ್ಲಿ ಅಕ್ಕನಿಗೆ ಕೆಮ್ಮು.

"ಹೊಗೆಗೆ" ಎಂದಳು ಅಕ್ಕ ಗೋಡೆಯಾಚೆಯಿಂದ. ಹೊಗೆಯ ಕೆಮ್ಮು ನನಗೆ ಗೊತ್ತು. ಇದು ಅದಲ್ಲ.

ಅಜ್ಜಿ ಅಂಗಳಕ್ಕೆ ಬಂದಾಗ ಕೇಳಿಕೊಂಡೆ. ಸೀರೆ ತೆಗೆ, ಅರ್ಧ ಕಿಟಕಿ ಸಾಕು, ಹಾಸಿಗೆ ಆಚೆ ಗೋಡೆಗೆ ಸರಿಸಿದರೆ ಮೈಗೆ ಗಾಳಿ ತಾಗುವುದಿಲ್ಲ.

"ಇಪ್ಪತ್ತು ಬಾಣಂತನ ಮಾಡಿದ್ದೆ ನಾನು. ನೀನು ಎಷ್ಟು ಮಾಡಿದ್ದೆ?"

"ಮೂರು ಸಾವಿರ ಕೋಳಿ ಸಾಕಿದ್ದೆ."

ನಗಲಿಲ್ಲ. ಚೊಂಬು ಕೆಳಗಿಟ್ಟು ಮೆಟ್ಟಿಲಲ್ಲಿ ಕೂತಳು. "ನನ್ ಎರಡ್ನೇ ಮಗು ಇಂಥದೇ ಮಳೇಲಿ ಹೋತು. ಹದಿನೆಂಟು ದಿನದ್ದು. ಸೆಖೆ ಅಂದೇಳಿ ಕಿಟ್ಕಿ ತೆಗ್ದವಳು ನಾನೇ. ನಿಮ್ ಮುತ್ತಜ್ಜಿ ಸಾಯೂ ತನ್ಕ ಅದನ್ನ ಹೇಳ್ತು" ಎಂದಳು. ಆಮೇಲೆ ಎದ್ದು ಒಳಗೆ ಹೋದಳು.

ಕಿಟಕಿ ತೆರೆದದ್ದಕ್ಕೆ ಮಗು ಹೋಗಿರಲಾರದು ಎಂದು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ಯಾಕೆಂದು ಗೊತ್ತಿಲ್ಲ, ನಿಜವಾದ ಮಾತೇ ಆಗಿತ್ತು.

ಜುಲೈ 19, ಶನಿವಾರ

ಬೆಳಿಗ್ಗೆ ಮಗು ಅಳಲಿಲ್ಲ. ಅಳುವ ಹೊತ್ತಿಗೆ ಅಳಲಿಲ್ಲ. ಕಿಟಕಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ ನಿಂತೆ. ಉಸಿರಿನಲ್ಲಿ ಸಣ್ಣ ಗೊರಗೊರ.

ಕಾಲು ತೊಳೆಯದೆ ಒಳಗೆ ಹೋದೆ. ಅಮ್ಮ ಕೂಗಿದಳು. ಮಗುವಿನ ಬಟ್ಟೆ ಎತ್ತಿ ಎದೆ ನೋಡಿ, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಉಸಿರು ಎಣಿಸಿದೆ. ಎ‌ಪ್ಪತ್ತೆರಡು. ಪಕ್ಕೆಲುಬಿನ ಕೆಳಗೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ಹಾಲು ಕುಡಿದು ಆರು ತಾಸಾಗಿತ್ತು.

ರಿಕ್ಷಾ ಸಿಗಲಿಲ್ಲ. ಪಾಗಾರ ಹಾರಿ ಓಡಿದೆ. ಮಾಬ್ಲೇಶ್ವರಣ್ಣ ಒಂದು ಮಾತೂ ಕೇಳದೆ ಕೋಳಿ ಸಾಗಿಸುವ ಪಿಕಪ್ಪನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಮುಂದೆ ಅಕ್ಕ, ಮಗು, ಅಜ್ಜಿ. ಹಿಂದೆ ಖಾಲಿ ಪಂಜರಗಳ ನಡುವೆ ನಾನು, ಅಮ್ಮ. ಹೊನ್ನಾವರದವರೆಗೆ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಆರಡಿ ಮರೆತಿದ್ದಳು.

ಮಗುವಿಗೆ ಆಕ್ಸಿಜನ್ ಹಾಕಿದ್ದಾರೆ. ಮೂಗಿಗೆ ಎರಡು ಸಣ್ಣ ನಳಿಗೆ. ಶ್ವಾಸಕೋಶದ ಸಣ್ಣ ದಾರಿಗಳು ಊದಿಕೊಂಡಿವೆಯಂತೆ. ಯಾವುದೋ ನೆಗಡಿ ವೈರಸ್ಸು.

"ಮನೇಲಿ ಯಾರಿಗೆ ಕೆಮ್ಮಿತ್ತು?" ಎಂದು ಮಕ್ಕಳ ಡಾಕ್ಟರು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು. ಅಮ್ಮ, "ಇವಳು ಕೋಳಿ..." ಎಂದು ಶುರು ಮಾಡಿದಳು.

"ಕೋಳಿಯದ್ದು ಕೋಳಿಗೆ" ಎಂದರು ಡಾಕ್ಟರು. "ಮನುಷ್ಯರಲ್ಲಿ ಯಾರಿಗೆ?"

"ಅಕ್ಕನ ಮಾವನಿಗೆ. ಹದಿಮೂರನೇ ತಾರೀಕು. ಒಂದು ತಾಸು, ಬಾಗಿಲು ಕಿಟಕಿ ಮುಚ್ಚಿ, ಗಟ್ಟಿ ಸ್ವರದಲ್ಲಿ" ಎಂದೆ.

ಭಟ್ಕಳದಿಂದ ಓಡಿ ಬಂದ ರಾಘು ಭಾವ ಹಿಂದೆಯೇ ನಿಂತಿದ್ದ. ತನ್ನ ತಂದೆಯ ವಿಷಯ. ತಿರುಗಿ ಹೊರಗೆ ಹೋದ. ಮೊಬೈಲ್ ಅಂಗಡಿಯ ಕೆಲಸ ಹೋದಂತೆಯೇ.

ಹೋಗಲಿ. ಎಪ್ಪತ್ತೆರಡು ಕಡಿಮೆಯಾಗಲಿ.

ಜುಲೈ 20, ಭಾನುವಾರ

ಅರವತ್ತಾರು.

ಜುಲೈ 21, ಸೋಮವಾರ

ಐವತ್ತೆಂಟು. ಮಧ್ಯಾಹ್ನ ನಲವತ್ತೊಂಬತ್ತು. ಹಾಲು ಕುಡಿಯಿತು. ಆಕ್ಸಿಜನ್ ನಳಿಗೆ ಕಿತ್ತು ಎಸೆಯಿತಂತೆ, ಸಿಟ್ಟು ಬಂದಿದೆಯಂತೆ. ಒಳ್ಳೆಯದು.

ಜುಲೈ 23, ಬುಧವಾರ

ಶೆಡ್ಡು ಖಾಲಿ. ಉಳಿದ ಕೋಳಿಗಳು ನಿನ್ನೆ ಮಾರಾಟಕ್ಕೆ ಹೋದವು. ಸದ್ದಿಲ್ಲದ ಶೆಡ್ಡಿನಲ್ಲಿ ನಿಂತು ಸ್ವಲ್ಪ ಹೊತ್ತು ಸುಮ್ಮನೆ ಕೇಳಿದೆ.

ಮಗು ಮನೆಗೆ ಬಂತು. ಆಸ್ಪತ್ರೆಯ ಡಾಕ್ಟರು ಅಮ್ಮನನ್ನೂ ಅಜ್ಜಿಯನ್ನೂ ಕೂರಿಸಿ ಹೇಳಿ ಕಳಿಸಿದ್ದರು: ಕಿಟಕಿ ತೆರೆದಿರಲಿ, ಮಗುವಿಗೆ ಬೆಚ್ಚಗೆ ಹೊದಿಸಿ ಆದರೆ ಕೋಣೆ ಮುಚ್ಚಬೇಡಿ, ಹೊಗೆ ಬೇಡವೇ ಬೇಡ, ನೋಡಲು ಬಂದವರು ಹೊರಗೇ ಕೂರಲಿ. ಇಬ್ಬರೂ ತಲೆ ಆಡಿಸಿದರು. ಮನೆಗೆ ಬಂದು ಅರ್ಧ ತಾಸಿನಲ್ಲಿ ಹಸಿರು ಸೀರೆ ಕಿಟಕಿಯಲ್ಲಿತ್ತು.

"ಡಾಕ್ಟ್ರು ಹೇಳಿದ್ರಲ್ಲ ಅಜ್ಜಿ?"

"ಅವ್ರಿಗೆ ಎಂತ, ಹೇಳಿ ಆತು. ಎಂತಾದ್ರೂ ಆದ್ರೆ ಹೇಳ್ಸ್ಕಣೂದು ಯಾರು?"

ಸೀರೆ ತುರುಕಿದವಳು ಒಂದು ಚುಂಗನ್ನು ಹಿಂದೆ ಎಳೆದು, ನೋಡಿ, ಮತ್ತೆ ತುರುಕಿದಳು. ಅವಳಿಗೂ ಗಾಳಿ ಬೇಕು, ಕಿಟಕಿ ತೆರೆದ ಕೈ ಮಾತ್ರ ತನ್ನದಾಗಬಾರದು ಎಂದು ನನಗೆ ಅನಿಸಿತು.

ಆಗ ಫೋನ್ ಬಂತು. ಕುಮಟೆಯ ಮಾಸ್ತರು. ಮಗು ಹೇಗಿದೆ ಎಂದು ಕೇಳಿದರು. ಸ್ವರ ಸಣ್ಣದಾಗಿತ್ತು, ಭಾವ ಏನೋ ಹೇಳಿರಬೇಕು. ಚೆನ್ನಾಗಿದೆ ಮಾವಾ ಎಂದೆ. ಇಟ್ಟರು.

ಒಳಗೆ ಹೋಗಿ ಹೇಳಿದೆ: "ಕುಮಟೆ ಮಾವನ ಫೋನು. ಮಗು ಹೆಂಗಿದೆ ಕೇಳಿದ್ರು. ಕಿಟಕಿ ತೆಗ್ದೇ ಇಡಬೇಕಂತೆ, ಅವ್ರ ಮನೆ ಕಡೆ ಹಾಂಗೇ ಕ್ರಮವಂತೆ. ಎಂತಾದ್ರೂ ಆದ್ರೆ ಜವಾಬ್ದಾರಿ ಅವ್ರದ್ದಂತೆ."

ಫೋನ್ ಬಂದದ್ದು ನಿಜ. ಮಗು ಹೇಗಿದೆ ಎಂದು ಕೇಳಿದ್ದು ನಿಜ. ಉಳಿದದ್ದು ಅವರು ಹೇಳಬೇಕಾಗಿದ್ದ ಮಾತು, ಹೇಳಲು ಮರೆತರು.

ಅಮ್ಮ ತಕ್ಷಣ, "ಬೀಗ್ರೇ ಹೇಳಿದ ಮೇಲೆ ಎಂತ ಮಾಡೂದು" ಎಂದಳು. ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೀರೆಯನ್ನು ಎಳೆದಳು. ಉದ್ದ ಸೀರೆ. ಎಳೆದಷ್ಟೂ ಬಂತು.

ಕೊಟ್ಟಿಗೆಗೆ ಬಂದ ಮೇಲೆ ಮೊದಲ ಸಲ ಅಲ್ಲಿಂದ ಅಕ್ಕನ ಮುಖ ಕಂಡಿತು. ಬಿಳಿಚಿಕೊಂಡಿದ್ದಳು. ಮಗುವನ್ನು ಎತ್ತಿ ತೋರಿಸಿದಳು. ನನ್ನ ಮೇಲಿದ್ದ ಬಹಿಷ್ಕಾರ ಈಗ ಇಲ್ಲ, ಆದರೂ ಕೊಟ್ಟಿಗೆಯಲ್ಲೇ ಮಲಗುತ್ತೇನೆ. ಗಾಳಿ ಚೆನ್ನಾಗಿದೆ.

ಜುಲೈ 27, ಭಾನುವಾರ

ಹೇಳದೆ ಕೇಳದೆ ಮಾಸ್ತರು ಬಂದುಬಿಟ್ಟರು. ಕೆಮ್ಮು ಹೋಗಿದೆ. ಕಾಲು ತೊಳೆಯುತ್ತಿದ್ದಾಗ ಅಮ್ಮ ಮುಂದೆ ಬಂದು ಕೈ ಮುಗಿದು, "ನೀವು ಹೇಳಿದ ಹಾಂಗೇ ಕಿಟ್ಕಿ ತೆಗ್ದೇ ಇಟ್ಟಿದ್ದು. ಮಗು ಎಷ್ಟು ಚೆಂದ ಆಯ್ತು ನೋಡಿ" ಎಂದಳು.

ನನ್ನ ಕೈಯಲ್ಲಿದ್ದ ಕಟ್ಟಿಗೆ ಕೆಳಗೆ ಬಿತ್ತು.

ಮಾಸ್ತರು ಚೊಂಬು ಹಿಡಿದು ಹಾಗೇ ನಿಂತರು. ಕಿಟಕಿ ನೋಡಿದರು. ಅಜ್ಜಿಯನ್ನು ನೋಡಿದರು. ನನ್ನನ್ನು ನೋಡಿದರು. ಎಷ್ಟು ಹೊತ್ತು? ಭಾಗವತರು ಒಂದು ಪದ್ಯ ಮುಗಿಸಿ, ಅರ್ಥಧಾರಿ ಬಾಯಿ ತೆಗೆಯುವ ಮೊದಲು ಇರುತ್ತದಲ್ಲ, ಅಷ್ಟು.

"ಹೇಳದೆ ಇರ್ತೇನಾ?" ಎಂದರು. "ವಾಯು ಅಂದ್ರೆ ಪ್ರಾಣ. ಪ್ರಾಣವನ್ನೇ ಬಾಗಿಲ ಹೊರಗೆ ನಿಲ್ಲಿಸಿ ಮಗುವಿಗೆ ಆಯಸ್ಸು ಕೇಳುವುದುಂಟೇ?"

ಅಲ್ಲಿಂದ ಮುಕ್ಕಾಲು ತಾಸು. ಭೀಮ ಬಂದ, ಹನುಮಂತ ಬಂದ. ಒಳಗೆ ಬನ್ನಿ ಎಂದು ಅಮ್ಮ ಕರೆದಾಗ, "ಛೇ, ನಾನೇ ಮಾಡಿದ ನಿಯಮ ನಾನೇ ಮುರಿಯಲೇ? ನೋಡಲು ಬಂದವರು ಜಗಲಿಯಲ್ಲೇ" ಎಂದರು. ಈ ನಿಯಮವನ್ನು ನಾನು ಅವರ ಹೆಸರಿನಲ್ಲಿ ಹೇಳಿಯೇ ಇರಲಿಲ್ಲ. ಅವರೇ ಸೇರಿಸಿದ್ದು. ಮಗುವಿಗೆ ಅನಿಲಾ ಎಂದು ಹೆಸರಿಡಬೇಕೆಂದೂ ಅವರೇ ಹೇಳಿದರು. ಗಾಳಿ ಎಂದು ಅರ್ಥ.

ಹೊರಡುವಾಗ ಕೊಟ್ಟಿಗೆಯ ಹತ್ತಿರ ನಿಂತರು. "ತಂಗೀ, ಆ ದಿನ ನನಗೆ ಇದ್ದದ್ದು ಕೆಮ್ಮೇ" ಎಂದರು, ಬೇರೆ ಯಾರಿಗೂ ಕೇಳದ ಹಾಗೆ. ಉತ್ತರಕ್ಕೆ ಕಾಯದೆ ಕೊಡೆ ಬಿಡಿಸಿ ಹೋದರು.

ಸಂಜೆಯೊಳಗೆ ಇಡೀ ಕೇರಿಗೆ ಗೊತ್ತಾಯಿತು: ಕಿಟಕಿ ತೆರೆದಿಡುವುದು ಕುಮಟೆಯ ರಮಾನಂದ ಮಾಸ್ತರು ಕಂಡುಹಿಡಿದ ಉಪಾಯ.

ಆಗಸ್ಟ್ 7, ಗುರುವಾರ

ಇಡೀ ವಾರ ಶೆಡ್ಡು ತೊಳೆದು ಸುಣ್ಣ ಬಳಿದೆವು. ಹೊಸ ಹೊಟ್ಟು ಹರಡಿದೆವು. ನಾಳೆ ಮೂರು ಸಾವಿರ ಮರಿ ಬರುತ್ತವೆ. ಪರದೆಯ ಹಗ್ಗಗಳಿಗೆ ಹೊಸ ಗಂಟು ಹಾಕಿದ್ದೇನೆ, ಮಾಡಿನ ಕೆಳಗಿನ ಎರಡು ಮೊಳ ಯಾರು ಎಳೆದರೂ ಮುಚ್ಚುವುದಿಲ್ಲ. ಪರೀಕ್ಷೆಗೆ ಹೋದದ್ದರ ಫಲಿತಾಂಶವೂ ಬಂತು, ನೇತ್ರಾ ಡಾಕ್ಟರು ಹೇಳಿದ್ದೇ ಸರಿ. ಅದನ್ನು ನಾಗಪತಿಯಣ್ಣ ತನ್ನ ಕಾಲಿಗೆ ಸಿಕ್ಕ ತೀರ್ಪು ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾನೆ.

ರಾಘು ಭಾವ ಮಗುವನ್ನು ನೋಡಲು ಬಂದವನು ಜಗಲಿಯಲ್ಲಿ ಕೂತು, "ಅಂಗಡೀಲಿ ಜಾಗ ಖಾಲಿಯಾಗಿದೆ ಕಲ್ಪನಾ, ಸೋಮವಾರ ಬಾ" ಎಂದ. ಸೋಮವಾರ ಮರಿಗಳಿಗೆ ಮೂರೇ ದಿನ, ಆಗುವುದಿಲ್ಲ ಎಂದೆ. ಅಕ್ಕ ಕಿಟಕಿಯಿಂದ ನಕ್ಕಳು. ನಗುವಂಥದ್ದು ಏನೂ ಇರಲಿಲ್ಲ.

ಅಜ್ಜಿಯ ಕರಿ ಕೋಳಿಯ ಮೊಟ್ಟೆ ಇನ್ನೂ ಒಂದು ಬದಿ ಸ್ವಲ್ಪ ಸುಕ್ಕು. ಮಗು ಎರಡು ಕಿಲೋ ಒಂಬೈನೂರು. ಶೆಡ್ಡಿನ ಕೋಳಿಗಳನ್ನು ದಾಟಿದೆ.

ಸಂಜೆ ಅಜ್ಜಿ ಕೆಂಡದ ಮಡಕೆ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ಕುಮಟೆ ಮಾಸ್ತರ್ರು ಇವತ್ತು ಫೋನ್ ಮಾಡಿದ್ರನೇ? ಹೊಗೆಗೆ ಎಂತ ಹೇಳಿದ್ರು?"

"ಮಾಡಿದ್ರು. ಹೊಗೆ ಬೇಡ ಅಂದ್ರು."

"ಆತು ಹಂಗಾದ್ರೆ" ಎಂದು ಮಡಕೆಯನ್ನು ಅಂಗಳದ ತುಳಸಿಕಟ್ಟೆಯ ಹತ್ತಿರ ಇಟ್ಟು ಬಂದಳು. ಹೊಗೆ ಎದ್ದು ಮೂಡುಗಡೆ ಹೋಯಿತು.

ಮಳೆಗೆ ಟವರ್ ಕೆಟ್ಟು ಮೂರು ದಿನದಿಂದ ಮಂಕಿಯಲ್ಲಿ ಯಾರ ಫೋನೂ ಇಲ್ಲ. ಬೆಳಿಗ್ಗೆ ಅದನ್ನು ನನಗೆ ಹೇಳಿದವಳು ಅಜ್ಜಿಯೇ.